ಎಂಟು ಗುಲಾಬಿಯ ಬೀಗರು

ಬುದ್ಧಿವಂತನಿಗೆ ಒಬ್ಬನ ಸಲಹೆ ಸಾಕು, ದಡ್ಡನಿಗೆ ಯಾರದ್ದೂ ಬೇಡ. ಯೆಫೀಮ್ ಲುಕಿಚ್ ಇವರಿಬ್ಬರ ನಡುವಿನವರು. ಅವರಿಗೆ ಸಿಕ್ಕವರೆಲ್ಲರ ಸಲಹೆಯೂ ಬೇಕು, ಅದರಲ್ಲಿ ಕೊನೆಗೆ ಸಿಕ್ಕವನ ಮಾತೇ ವೇದವಾಕ್ಯ. ಕಾಮಾ ನದಿಯ ದಂಡೆಯ ನಮ್ಮ ಊರಿನಲ್ಲಿ ಮನೆಮನೆಗೆ ಬಿಸಿನೀರು ಕಳಿಸುವ ಬಾಯ್ಲರ್ ಮನೆಗೆ ಅವರು ಮೇಸ್ತ್ರಿ. ಅಲ್ಲಿ ಮಾತ್ರ ಅವರಿಂದ ಒಂದು ದಿನವೂ ತಪ್ಪಾದದ್ದಿಲ್ಲ. ಯಾಕೆಂದರೆ ಕೊಳಾಯಿಯ ತಿರುಪು ಎಡಕ್ಕೆ ತಿರುಗುತ್ತದೆ, ಇಲ್ಲವೇ ಬಲಕ್ಕೆ ತಿರುಗುತ್ತದೆ. ಅದರಲ್ಲಿ ಯಾರ ಸಲಹೆಯೂ ನಡೆಯುವುದಿಲ್ಲ.

ಇಂಥವರ ಕೊರಳಿಗೆ ಆ ಜನವರಿಯಲ್ಲಿ ಬ್ಯಾಲೆ ಬಂದು ಬಿತ್ತು. ಅವರ ಮಗ ಮಕಾರ್ ನಮ್ಮೂರ ಥಿಯೇಟರಿನಲ್ಲಿ ದೀಪ ಬಿಡುವವನು. ನಾಲ್ಕು ವರ್ಷ ಮೇಲಿನ ಗೂಡಿನಲ್ಲಿ ಕೂತು ನರ್ತಕಿಯರ ಮೇಲೆಲ್ಲ ಸಮನಾಗಿ ಬೆಳಕು ಚೆಲ್ಲಿದ ಹುಡುಗ, ಐದನೆಯ ವರ್ಷ ತಾಯಿಸ್ಯಾ ಎಂಬ ಒಬ್ಬಳ ಮೇಲೆ ಸ್ವಲ್ಪ ಜಾಸ್ತಿ ಚೆಲ್ಲತೊಡಗಿದ. ಅವಳಿಗೂ ಅದು ಹಿತವೆನಿಸಿತು. ಮದುವೆಯ ತನಕ ಮಾತು ಬಂತು. ಆದರೆ ಅಡ್ಡ ನಿಂತವರು ಹುಡುಗಿಯ ತಾಯಿ ಎಲಿಯನೋರಾ ವಿಕೆಂತ್ಯೆವ್ನಾ. ಒಂದು ಕಾಲದಲ್ಲಿ ಇದೇ ಥಿಯೇಟರಿನ ಮುಖ್ಯ ನರ್ತಕಿ, ಈಗ ಹೊಸಬರಿಗೆ ಗುರು. ಅವರ ಬೆನ್ನು ನೆಟ್ಟಗೆ, ಕತ್ತು ಅದಕ್ಕಿಂತ ನೆಟ್ಟಗೆ, ಮಾತು ಎರಡಕ್ಕಿಂತಲೂ ನೆಟ್ಟಗೆ. ಅವರು ಮಕಾರ್‌ಗೆ ಹೇಳಿ ಕಳಿಸಿದ್ದು ಇಷ್ಟೇ: "ಶನಿವಾರ ನನ್ನ ಮಗಳು ಮೊದಲನೇ ಸಲ ದೊಡ್ಡ ಪಾತ್ರ ಮಾಡ್ತಾಳೆ. ನಿಮ್ಮ ಅಪ್ಪ ಅಮ್ಮ ಬರಲಿ. ಅವರು ಬ್ಯಾಲೆ ನೋಡಲಿ, ನಾನು ಅವರನ್ನ ನೋಡ್ತೀನಿ. ಮದುವೆ ಮಾತು ಆಮೇಲೆ."

ಅಮ್ಮ ಒಲ್ಲೆ ಎಂದರೆ ತಾನೂ ಒಲ್ಲೆ ಎಂದು ತಾಯಿಸ್ಯಾ ಮೊದಲೇ ಅತ್ತು ಹೇಳಿದ್ದಳು. ಮಕಾರ್ ಆ ವಾರವೆಲ್ಲ ನೆಟ್ಟಗೆ ಊಟ ಮಾಡಲಿಲ್ಲ. ಶನಿವಾರ ಬೆಳಿಗ್ಗೆ ಅಪ್ಪನನ್ನು ಅಡುಗೆಮನೆಯಲ್ಲಿ ಕೂರಿಸಿ ಪಾಠ ಹೇಳಿದ.

"ಅಪ್ಪಾ, ಮೂರೇ ಕೆಲಸ. ಒಳ್ಳೆ ಹೂ ತಗೊಂಡು ಬಾ. ಎಲ್ಲರೂ ಚಪ್ಪಾಳೆ ತಟ್ಟಿದಾಗ ನೀನೂ ತಟ್ಟು. ಮಿಕ್ಕ ಹೊತ್ತು ಬಾಯಿ ಬಿಡಬೇಡ."

"ಇಷ್ಟೇನಾ? ನಾನು ಬ್ಯಾಲೆ ಅಂದ್ರೆ ಇನ್ನೇನೋ ಅಂದ್ಕೊಂಡಿದ್ದೆ," ಎಂದರು ಯೆಫೀಮ್ ಲುಕಿಚ್.

ಮಕಾರ್ ತನ್ನ ದೀಪಗಳ ಕಡೆ ಓಡಿದ. ಹೆಂಡತಿ ಗ್ಲಫೀರಾ ಒಳಗೆ ಕೂದಲಿಗೆ ಸುರುಳಿ ಹಾಕುತ್ತ ಕೂತರು. ಅಷ್ಟು ಹೊತ್ತಿಗೆ ಪಕ್ಕದ ಮನೆಯ ನಿಕಾಂದ್ರ್ ಚಹಾ ಕುಡಿಯಲು ಬಂದ. ಗೋರಿಕಲ್ಲು ಕೆತ್ತುವುದು ಅವನ ಕಸುಬು. ಊರಿನಲ್ಲಿ ಯಾರು ಎಲ್ಲಿ ಮಲಗಿದ್ದಾರೆಂಬುದು ಅವನಿಗೆ ಗೊತ್ತಿದ್ದಷ್ಟು ಪುರಸಭೆಗೂ ಗೊತ್ತಿಲ್ಲ. ಮೇಜಿನ ಮೇಲೆ ಮಕಾರ್ ಬಿಟ್ಟು ಹೋಗಿದ್ದ ಬ್ಯಾಲೆಯ ಕಥೆಯ ಪುಸ್ತಿಕೆಯನ್ನು ಎತ್ತಿಕೊಂಡು ಅವನು ಓದಿದ. ಮುಖ ಗಂಭೀರವಾಯಿತು.

"ಲುಕಿಚ್, ಹೂ ಎಷ್ಟು ತಗೊಳ್ತೀಯ?"

"ಏಳು. ಬೆಸ ಇರಬೇಕಲ್ಲಪ್ಪ."

ಬದುಕಿದವರಿಗೆ ಬೆಸ, ಸತ್ತವರಿಗೆ ಜೋಡಿ ಲೆಕ್ಕ. ಇದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು.

"ಕಥೆ ಓದಿದ್ಯಾ?" ಎಂದ ನಿಕಾಂದ್ರ್. "ಇವಳು ದೋಣಿಯವನ ಮಗಳು. ಒಬ್ಬನ್ನ ಪ್ರೀತಿಸ್ತಾಳೆ. ಅವನನ್ನ ತಾನೇ ಹುಟ್ಟು ಹಾಕಿ ಆಚೆ ದಡಕ್ಕೆ ಬಿಡ್ತಾಳೆ. ಅವನು ಹೋಗ್ತಾ ಇರೋದು ಬೇರೆಯವಳನ್ನ ಮದುವೆ ಆಗೋಕೆ. ಗೊತ್ತಾಗಿದ್ದೇ ಮೊದಲನೇ ಅಂಕದಲ್ಲೇ ಎದೆ ಒಡೆದು ಸಾಯ್ತಾಳೆ."

"ಅಯ್ಯೋ ಪಾಪ!"

"ಎರಡನೇ ಅಂಕ ಪೂರ್ತಿ ಹೊಳೆ ಮೇಲೆ ದೆವ್ವ ಆಗಿ ಕುಣೀತಾಳೆ. ಹೂ ಯಾವಾಗ ಕೊಡೋದು?"

"ಎಲ್ಲಾ ಮುಗಿದ ಮೇಲೆ."

"ಅಂದ್ರೆ ಅವಳು ಸತ್ತು ಒಂದು ಗಂಟೆ ಆಗಿರುತ್ತೆ."

ಯೆಫೀಮ್ ಲುಕಿಚ್ ಚಹಾದ ಲೋಟ ಕೆಳಗಿಟ್ಟರು. "ಆದ್ರೆ ತಾಯಿಸ್ಯಾ ಬದುಕಿರ್ತಾಳಲ್ಲೋ?"

"ಬಟ್ಟೆ ಬದಲಾಯಿಸಿ ಬಂದು ಹೂ ಈಸ್ಕೊಳ್ತಾಳಾ?"

"ಇಲ್ಲವಂತೆ. ಅದೇ ಬಿಳೀ ಬಟ್ಟೇಲೇ ಬಂದು ಬಗ್ಗಿ ನಮಸ್ಕಾರ ಮಾಡ್ತಾಳಂತೆ."

"ನೋಡು ಮತ್ತೆ! ಹೆಣದ ಬಟ್ಟೆ ಹಾಕ್ಕೊಂಡು ನಿಂತೋಳ ಕೈಗೆ ಬೆಸ ಹೂ ಕೊಡ್ತೀಯಾ? ಅವಳ ತಾಯಿ ನಿನ್ನ ಏನಂದುಕೋಬೇಕು? ಬಾಯ್ಲರ್ ಮನೆಯೋನು, ಸತ್ತೋರಿಗೂ ಬದುಕಿದೋರಿಗೂ ವ್ಯತ್ಯಾಸ ಗೊತ್ತಿಲ್ಲ ಅಂದುಕೊಳ್ತಾಳೆ. ಮೂವತ್ತು ವರ್ಷದ ಅನುಭವದಲ್ಲಿ ಹೇಳ್ತೀನಿ, ಎಂಟು ತಗೋ."

ಗ್ಲಫೀರಾ ಒಳಗಿನಿಂದ "ಏನಂತೆ ಅವನದ್ದು?" ಎಂದು ಕೂಗಿದರು. "ಏನಿಲ್ಲ ಗ್ಲಾಶಾ, ಹೂವಿನ ವಿಚಾರ," ಎಂದರು ಯೆಫೀಮ್ ಲುಕಿಚ್. ಅಲ್ಲಿಗೆ ಅವರ ತೀರ್ಮಾನ ಗಟ್ಟಿಯಾಯಿತು.

ಥಿಯೇಟರಿನ ಎದುರಿಗೇ ತೋಮಾ ಅತ್ತೆಯ ಹೂವಿನ ಗೂಡಂಗಡಿ. ಮೀಸೆ ಹೆಪ್ಪುಗಟ್ಟುವ ಚಳಿ. ಗ್ಲಫೀರಾ ಬೇಗ ಬಾ ಎಂದು ಹೇಳಿ ಒಳಗೆ ಓಡಿದರು. ಯೆಫೀಮ್ ಲುಕಿಚ್ ಗೂಡಿನ ಮಂಜು ಹಿಡಿದ ಕಿಟಕಿಗೆ ಮುಖ ಹಚ್ಚಿ "ಬಿಳೀ ಗುಲಾಬಿ, ಎಂಟು," ಎಂದರು.

ತೋಮಾ ಅತ್ತೆಯ ಕೈ ತಂತಾನೇ ಕಪ್ಪು ರಿಬ್ಬನ್ನಿನ ಕಡೆ ಹೋಯಿತು. "ಯಾರು ಹೋದ್ರಪ್ಪ?" ಎಂದಳು ಮರುಕದಿಂದ.

"ಇನ್ನೂ ಹೋಗಿಲ್ಲ ತಾಯಿ. ಇವತ್ತು ಸಂಜೆ ಹೋಗ್ತಾಳೆ. ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ."

ತೋಮಾ ಅತ್ತೆಯ ಕೈ ನಿಂತಿತು. "ವಯಸ್ಸೆಷ್ಟು?"

"ಇಪ್ಪತ್ತಮೂರು."

"ಅಯ್ಯೋ ಕೂಸೇ! ಏನು ಕಾಯಿಲೆ?"

"ಕಾಯಿಲೆ ಏನಿಲ್ಲ. ಪ್ರೀತಿ."

"ಮನೆಯವರಿಗೆ ಗೊತ್ತಾ?"

"ತಾಯಿಗೆ ಗೊತ್ತಿಲ್ದೆ ಏನು? ಅವರೇ ಆರು ತಿಂಗಳು ಕೂತು ಹೇಳಿಕೊಟ್ಟಿದಾರೆ," ಎಂದು ಯೆಫೀಮ್ ಲುಕಿಚ್ ಮೆಚ್ಚುಗೆಯಿಂದ ಹೇಳಿ, ಅವಳು ಕಪ್ಪು ರಿಬ್ಬನ್ನೇ ಕಟ್ಟಿದ್ದನ್ನೂ ಗಮನಿಸದೆ ಹೂವನ್ನು ಚಳಿ ತಾಗದಂತೆ ಪೇಪರಿನಲ್ಲಿ ಸುತ್ತಿಸಿಕೊಂಡು ಹೊರಟರು. ತೋಮಾ ಅತ್ತೆ ಶಿಲುಬೆಯ ಗುರುತು ಮಾಡಿಕೊಂಡು, ಅವರು ಹೋದ ದಾರಿಯನ್ನೇ ನೋಡುತ್ತ ನಿಂತಳು.

ಥಿಯೇಟರಿನ ಬಾಗಿಲ ಬಳಿ ಕೋಟುಗಳನ್ನು ಇಟ್ಟುಕೊಳ್ಳುವವಳು ಅವ್ದೋತ್ಯಾ ಅಜ್ಜಿ. ಯೆಫೀಮ್ ಲುಕಿಚ್ ತಮ್ಮ ಕುರಿಯ ತುಪ್ಪಟದ ಕೋಟನ್ನೂ ಹೂವಿನ ಪೊಟ್ಟಣವನ್ನೂ ಅವಳಿಗೆ ಒಪ್ಪಿಸಿ ಬಿಲ್ಲೆ ಪಡೆದುಕೊಂಡರು. ಅವರು ಆಚೆ ಹೋದ ಮೇಲೆ ಅಜ್ಜಿ ಹೂವನ್ನು ನೀರಿನ ಬಕೆಟ್ಟಿಗೆ ಹಾಕಲೆಂದು ಪೇಪರ್ ಬಿಚ್ಚಿದಳು. ಎಂಟು ಹೂ, ಕಪ್ಪು ರಿಬ್ಬನ್. ಅಷ್ಟರಲ್ಲಿ ತೋಮಾ ಅತ್ತೆ ಕೈ ಬೆಚ್ಚಗೆ ಮಾಡಿಕೊಳ್ಳಲು ಒಳಗೆ ಬಂದಳು. ಅರ್ಧ ಕಥೆ ಇವಳ ಹತ್ತಿರ, ಅರ್ಧ ಅವಳ ಹತ್ತಿರ. ಎರಡು ಅರ್ಧ ಸೇರಿ ಮೂರು ಕಥೆಯಾಯಿತು.

ಇತ್ತ ಮೇಲಿನ ಹಜಾರದಲ್ಲಿ ಆಟಕ್ಕೆ ಮುಂಚಿನ ಉಪನ್ಯಾಸ ನಡೆದಿತ್ತು. ನಮ್ಮ ಥಿಯೇಟರಿನಲ್ಲಿ ಇದೊಂದು ಪದ್ಧತಿ. ಬೇಗ ಬಂದ ಪ್ರೇಕ್ಷಕರಿಗೆ ಅಗ್ನೆಸ್ಸಾ ಮಾರ್ಕೊವ್ನಾ ಎಂಬ ವಿದ್ವಾಂಸರು ಬ್ಯಾಲೆಯ ಒಳಾರ್ಥ ಬಿಡಿಸಿ ಹೇಳುತ್ತಾರೆ. ಚಳಿಗೆ ಒಳಗೆ ಬಂದವರು ಬೆಚ್ಚಗೆ ತೂಕಡಿಸುತ್ತಾರೆ. ಕೊನೆಯಲ್ಲಿ ಅವರು "ಪ್ರಶ್ನೆಗಳಿದ್ದರೆ ಕೇಳಬಹುದು," ಎನ್ನುತ್ತಾರೆ, ಯಾರೂ ಕೇಳುವುದಿಲ್ಲ, ಎಲ್ಲರೂ ಸುಖವಾಗಿ ಎದ್ದು ಹೋಗುತ್ತಾರೆ. ಆ ಸಂಜೆ ಒಂದು ಕೈ ಮೇಲೆದ್ದಿತು.

"ಲುಕಿಚ್, ಕೈ ಇಳಿಸು," ಎಂದರು ಗ್ಲಫೀರಾ ಹಲ್ಲು ಕಚ್ಚಿ.

"ಒಂದೇ ಒಂದು ಮಾತು ಗ್ಲಾಶಾ, ಗಟ್ಟಿ ಮಾಡ್ಕೊಂಡುಬಿಡೋಣ." ಯೆಫೀಮ್ ಲುಕಿಚ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಎಲ್ಲಾ ಮುಗಿದ ಮೇಲೆ ಪರದೆ ಎದ್ದಾಗ ಬಂದು ನಮಸ್ಕಾರ ಮಾಡ್ತಾಳಲ್ಲ, ಅವಳು ಸತ್ತೋಳಾ, ಬದುಕಿರೋಳಾ?"

ಅಗ್ನೆಸ್ಸಾ ಮಾರ್ಕೊವ್ನಾ ಕತ್ತಿನ ಮಣಿಸರವನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು.

"ಇಪ್ಪತ್ತು ವರ್ಷದಿಂದ ಈ ಪ್ರಶ್ನೆಗೆ ಕಾಯ್ತಾ ಇದ್ದೆ!" ಎಂದರು. "ಅವಳು ಸತ್ತಿದ್ದಾಳೆ, ಆದರೆ ಕಲೆಯಾಗಿ ಬದುಕಿದ್ದಾಳೆ. ಬದುಕಿದ್ದಾಳೆ, ಆದರೆ ನಮ್ಮ ಪಾಲಿಗೆ ಇಲ್ಲವಾಗಿದ್ದಾಳೆ!"

"ಅಂದ್ರೆ ಎರಡೂನಾ?" ಯೆಫೀಮ್ ಲುಕಿಚ್ ಕಂಗಾಲಾದರು. "ಹಾಗಾದ್ರೆ ಲೆಕ್ಕ ಎಷ್ಟಕ್ಕೆ ಹಿಡಿಯೋದು?"

"ಲೆಕ್ಕವನ್ನು ಮೀರಿದ್ದು ಅದು!"

ಹಿಂದಿನ ಕುರ್ಚಿಯಿಂದ ನಿವೃತ್ತ ಕರ್ನಲ್ ಒಬ್ಬರು ಎದ್ದರು. "ಏನು ಮೀರೋದು? ಉಸಿರಾಡ್ತಾಳೆ, ಬೆವರ್ತಾಳೆ, ಸಂಬಳ ತಗೊಳ್ತಾಳೆ. ಬದುಕಿದಾಳೆ!"

"ನಿಮಗೆ ಹೃದಯ ಇದೆಯಾ?" ಎಂದು ನೇರಳೆ ಶಾಲಿನ ಹೆಂಗಸೊಬ್ಬರು ಚೀರಿದರು. "ಅವಳು ಸತ್ತಿದಾಳೆ! ನಾನು ಹನ್ನೊಂದು ಸಲ ನೋಡಿದೀನಿ, ಹನ್ನೊಂದು ಸಲಾನೂ ಸತ್ತಿದಾಳೆ!"

ಉಪನ್ಯಾಸ ಎರಡು ಪಕ್ಷವಾಗಿ ಒಡೆಯಿತು. ಬದುಕಿದಾಳೆ ಪಕ್ಷ ಕಿಟಕಿಯ ಕಡೆ ಸೇರಿತು, ಸತ್ತಿದಾಳೆ ಪಕ್ಷ ಕನ್ನಡಿಯ ಕಡೆ. ಆಟ ಶುರುವಾಗುವ ಮೂರನೆಯ ಗಂಟೆ ಹೊಡೆಯದಿದ್ದರೆ ಕರ್ನಲ್ ಮತ್ತು ನೇರಳೆ ಶಾಲು ಕೈಕೈ ಮಿಲಾಯಿಸುತ್ತಿದ್ದರೋ ಏನೋ. ಪ್ರಶ್ನೆ ಕೇಳಿದವರನ್ನು ಮಾತ್ರ ಎಲ್ಲರೂ ಮರೆತರು. ಗ್ಲಫೀರಾ ಮರೆಯಲಿಲ್ಲ, ಕತ್ತಲಾದ ತಕ್ಷಣ ತೊಡೆ ಚಿವುಟಿದರು.

ಪರದೆ ಎದ್ದಿತು. ಮೊದಲ ಹತ್ತು ನಿಮಿಷ ಯೆಫೀಮ್ ಲುಕಿಚ್‌ಗೆ ಏನೂ ತಿಳಿಯಲಿಲ್ಲ. ಎಲ್ಲರೂ ಕುಣಿಯುತ್ತಾರೆ, ಒಬ್ಬರೂ ಮಾತಾಡುವುದಿಲ್ಲ. ಒಂದು ಮಾತಿನಲ್ಲಿ ಮುಗಿಯುವ ವಿಷಯಕ್ಕೆ ನಾಲ್ಕು ಸುತ್ತು ತಿರುಗುತ್ತಾರೆ. ಆಮೇಲೆ ದೋಣಿಯವನ ಮಗಳು ಬಂದಳು. ಅವಳು ತಾಯಿಸ್ಯಾ ಎಂದು ಅವರಿಗೆ ಗೊತ್ತಿತ್ತು, ಸ್ವಲ್ಪ ಹೊತ್ತಿಗೆ ಮರೆತುಹೋಯಿತು. ಹುಡುಗಿ ಇಲ್ಲದ ಹುಟ್ಟನ್ನು ಹಿಡಿದು ಇಲ್ಲದ ದೋಣಿ ನಡೆಸಿದಳು. ಆ ಥಳುಕಿನ ಹುಡುಗ ಆಚೆ ದಡದಲ್ಲಿ ಇಳಿದು ತಿರುಗಿಯೂ ನೋಡದೆ ಹೋದ. ಅವಳು ನಕ್ಕಳು, ತಿರುಗಿದಳು, ಓಡಿದಳು, ಮತ್ತೆ ನಕ್ಕಳು. ಹಾಗೇ ನೆಲಕ್ಕೆ ಬಿದ್ದಳು. ಅವಳ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ.

ಯೆಫೀಮ್ ಲುಕಿಚ್ ಎದ್ದು ನಿಂತರು.

ಇದು ಅವರು ಯೋಚಿಸಿ ಮಾಡಿದ್ದಲ್ಲ. ಸಾವಿನ ಮುಂದೆ ಕೂತಿರಬಾರದು ಎಂದು ಕಾಲೇ ಎದ್ದಿತು. ಪಕ್ಕದಲ್ಲಿ ಗ್ಲಫೀರಾ ಕಣ್ಣೊರೆಸಿಕೊಳ್ಳುತ್ತಿದ್ದರು, ಗಂಡ ಎದ್ದನೆಂದು ಅವರೂ ಎದ್ದರು. ಮುಂದಿನ ಸಾಲಿನ ಅವಳಿ ಅಜ್ಜಿಯರು ಹಿಂದೆ ಸದ್ದು ಕೇಳಿ ತಿರುಗಿದರು, ಯಾರೋ ದೊಡ್ಡವರು ಎದ್ದಿದ್ದಾರೆ, ಏನೋ ಕ್ರಮ ಇರಬೇಕು ಎಂದು ತಾವೂ ಎದ್ದರು. ಅಜ್ಜಿಯರು ಎದ್ದ ಮೇಲೆ ಕರ್ನಲ್ ಹೇಗೆ ಕೂತಿರುತ್ತಾರೆ? ಕರ್ನಲ್ ಸೆಟೆದು ನಿಂತಿದ್ದನ್ನು ಕಂಡು ಸಾಲಿಗೆ ಸಾಲೇ ಎದ್ದಿತು. ಅರ್ಧ ಸಭಾಂಗಣ ತಲೆ ತಗ್ಗಿಸಿ ಮೌನವಾಗಿ ನಿಂತಿತು, ಚಪ್ಪಾಳೆ ತಟ್ಟುವುದು ಒಬ್ಬರಿಗೂ ನೆನಪಾಗಲಿಲ್ಲ. ಮೇಲಿನ ಬಾಕ್ಸಿನಲ್ಲಿ ಎಲಿಯನೋರಾ ವಿಕೆಂತ್ಯೆವ್ನಾ ಕಟಾಂಜನ ಹಿಡಿದು ಮುಂದೆ ಬಾಗಿದರು. ಯಾರು ಮೊದಲು ಎದ್ದದ್ದೆಂದು ಅಲ್ಲಿಂದ ಕಾಣಲಿಲ್ಲ.

ಇಂಟರ್‌ವಲ್‌ನಲ್ಲಿ ಬೀಗರ ಮೊದಲ ಭೇಟಿ ಕ್ಯಾಂಟೀನಿನಲ್ಲಿ ನಡೆಯಿತು. ಮೀನಿನ ಮೊಟ್ಟೆ ಸವರಿದ ಬ್ರೆಡ್ಡಿನ ಚೂರನ್ನು ಯೆಫೀಮ್ ಲುಕಿಚ್ ಆಗಷ್ಟೇ ಬಾಯಿಗಿಟ್ಟಿದ್ದರು. ಎದುರಿಗೆ ಕಪ್ಪು ಉಡುಪಿನ ನೆಟ್ಟನೆಯ ಕತ್ತು ಬಂದು ನಿಂತಿತು.

"ನೀವು ಮಕಾರ್‌ನ ತಂದೆ. ಯೆಫೀಮ್ ಲುಕಿಚ್. ಅದೇ ಕಿವಿ," ಎಂದರು ಎಲಿಯನೋರಾ ವಿಕೆಂತ್ಯೆವ್ನಾ.

ಯೆಫೀಮ್ ಲುಕಿಚ್ ಬ್ರೆಡ್ಡು ನುಂಗಿ, ಮಗ ಬೆಳಿಗ್ಗೆ ಹೇಳಿದ್ದ ಪಾಠವೆಲ್ಲ ಮರೆತು, ಮನಸ್ಸಿನಲ್ಲಿದ್ದುದನ್ನೇ ಹೇಳಿದರು. "ನಿಮ್ಮ ಮಗಳು ತುಂಬಾ ಚೆನ್ನಾಗಿ ಸತ್ತಳು."

ಗ್ಲಫೀರಾ ಕಣ್ಣು ಮುಚ್ಚಿಕೊಂಡರು. ಆದರೆ ಬೀಗಿತ್ತಿಯ ಮುಖ ಸಡಿಲವಾಯಿತು. "ಧನ್ಯವಾದ. ಅದು ಅವಳಿಗೆ ಬರ್ತಾನೇ ಇರಲಿಲ್ಲ. ತುಂಬಾ ಬೇಗ ಸಾಯೋಳು," ಎಂದರು. ಆಮೇಲೆ ದನಿ ತಗ್ಗಿಸಿದರು. "ನೋಡಿ, ನಿಮ್ಮನ್ನ ನಮ್ಮವರು ಅಂದ್ಕೊಂಡೇ ಹೇಳ್ತೀನಿ. ಈ ಕಟ್ಟಡದಲ್ಲಿ ಒಬ್ಬ ಘಾತುಕ ಇದಾನೆ."

"ದೇವರೇ!"

"ನನ್ನ ಮಗಳಿಗೆ ಅಂತ ಎಂಟು ಹೂ ತಂದಿದಾನೆ. ಎಂಟು! ಕಪ್ಪು ರಿಬ್ಬನ್ ಕಟ್ಟಿಸಿದಾನೆ. ಇವತ್ತು ಸಂಜೆ ಆ ಹುಡುಗಿ ಹೋಗ್ತಾಳೆ, ಅವಳ ತಾಯಿಗೂ ಗೊತ್ತು ಅಂತ ಹೂವಿನಂಗಡೀಲಿ ನಗ್ತಾ ಹೇಳಿದಾನೆ. ಉಪನ್ಯಾಸದಲ್ಲಿ ಎದ್ದು ನಿಂತು, ಕೊನೇಲಿ ಅವಳು ಬದುಕಿರ್ತಾಳಾ ಅಂತ ಕೇಳಿದಾನೆ. ಮೊದಲನೇ ಪ್ರದರ್ಶನದ ದಿನ! ಇದು ಮಾಟ ಅಲ್ದೆ ಇನ್ನೇನು?" ಎನ್ನುತ್ತ ಅವರು ಎಡ ಹೆಗಲ ಹಿಂದಕ್ಕೆ ಥೂ ಥೂ ಥೂ ಎಂದು ಮೂರು ಸಲ ಉಗುಳಿದರು. ಹಿಂದೆ ನಿಂತಿದ್ದವರು ಅಭ್ಯಾಸವಿದ್ದುದರಿಂದ ಪಕ್ಕಕ್ಕೆ ಸರಿದರು.

ಯೆಫೀಮ್ ಲುಕಿಚ್ ಮನಃಪೂರ್ವಕ ಸಿಟ್ಟಾದರು. "ಎಂಥಾ ನೀಚ! ಮುಖ ಹೇಗಿದೆ ಅವನದ್ದು?"

"ಯಾರೂ ಸರಿಯಾಗಿ ನೋಡಿಲ್ಲ. ನೀವು ಹುಡುಕಿ. ನನ್ನ ಮಾತು ನಾನು ತಿರುಗಿಸೋಳಲ್ಲ. ಅವನನ್ನ ಹಿಡಿದು ನನ್ನ ಮುಂದೆ ನಿಲ್ಲಿಸಿ, ಮದುವೆಗೆ ನನ್ನ ಅಡ್ಡಿ ಇಲ್ಲ. ಹಾಗೇ ಇನ್ನೊಬ್ಬರಿದಾರೆ. ನನ್ನ ಮಗಳು ಸತ್ತಾಗ ಮೊದಲು ಎದ್ದು ನಿಂತ ಪುಣ್ಯಾತ್ಮ. ಅವರ ಕೈಗೆ ಮುತ್ತು ಕೊಡಬೇಕು ನಾನು. ಅವರನ್ನೂ ಹುಡುಕಿ. ಆಟ ಮುಗಿದ ಮೇಲೆ ಪ್ರೇಕ್ಷಕರ ಜತೆ ಮಾತುಕತೆ ಇದೆ, ಅಲ್ಲಿ ಸಿಗೋಣ."

ಅವರು ಹೋದರು. ಯೆಫೀಮ್ ಲುಕಿಚ್ ಎದೆಯುಬ್ಬಿಸಿ ಸುತ್ತ ನೋಡಿದರು. ಕಂಬದ ಹಿಂದೆ ಇಣುಕಿದರು. ಬೋಳುತಲೆಯವನೊಬ್ಬನನ್ನು ಸಂಶಯದಿಂದ ದಿಟ್ಟಿಸಿದರು.

"ಲುಕಿಚ್," ಎಂದರು ಗ್ಲಫೀರಾ ಬಹಳ ಮೆಲ್ಲಗೆ. "ನೀನು ಎಷ್ಟು ಹೂ ತಂದೆ?"

"ಎಂಟು," ಎಂದರು ಯೆಫೀಮ್ ಲುಕಿಚ್. ಎಂದ ಮೇಲೆ ಅವರ ಬಾಯಿ ತೆರೆದೇ ಉಳಿಯಿತು.

ಆ ಹೆಣ್ಣುಮಗಳು ಅಲ್ಲಿ ಏನೇನು ಅಂದರೆಂಬುದನ್ನು ಅಚ್ಚು ಹಾಕುವಂತಿಲ್ಲ. ನಿಕಾಂದ್ರ್‌ನ ವಂಶಕ್ಕೆ ಅವನೇ ಕಲ್ಲು ಕೆತ್ತುವಂಥ ಮಾತುಗಳು ಬಂದವು. ಕೊನೆಗೆ "ಓಡು, ಒಂದು ಹೂ ಕಿತ್ತುಬಿಡು," ಎಂದರು. ಕೊನೆಯ ಸಲಹೆ ಅದೇ ಆದ್ದರಿಂದ ಯೆಫೀಮ್ ಲುಕಿಚ್ ಓಡಿದರು.

ಬಕೆಟ್ಟು ಖಾಲಿಯಿತ್ತು.

"ಆ ಶನಿ ಹೂವಾ? ಮ್ಯಾನೇಜರ್ ತಕ್ಕೊಂಡೋದ್ರು," ಎಂದಳು ಅವ್ದೋತ್ಯಾ ಅಜ್ಜಿ. "ನೀನೂ ಅವನನ್ನೇ ಹುಡುಕ್ತಿದೀಯಾ ಮಗಾ?"

"ಹೂಂ... ಮುಖ ನೆನಪಿದೆಯಾ ಅಜ್ಜಿ?"

"ನಾನು ಮೊಕ ನೋಡಾಕಿಲ್ಲ ಕಣಪ್ಪ, ಕೋಟು ನೋಡ್ತೀನಿ. ಮೊಕ ಎಲ್ಲಾರ್ದೂ ಒಂದೇ. ಬಾ ಇಲ್ಲಿ." ಅಜ್ಜಿ ಅವರ ಕೋಟನ್ನೇ ಎಳೆದು ತೋರಿಸಿದಳು. "ಇದು ನೋಡು. ಹಳೇ ಕುರಿತುಪ್ಪಟ. ಎಲ್ಲಾ ಗುಂಡಿ ಕಂದು, ಎರಡನೇದು ಹಸಿರು. ಇಂಥಾ ಕೋಟು ಹಾಕೋನು ಒಳ್ಳೇ ಮನ್ಸ ಆಗಿರಾಕೆ ಸಾಧ್ಯವಾ?"

"ಸಾಧ್ಯವೇ ಇಲ್ಲ," ಎಂದರು ಯೆಫೀಮ್ ಲುಕಿಚ್ ಬಿಲ್ಲೆಯನ್ನು ಜೇಬಿನೊಳಗೆ ತಳ್ಳುತ್ತ.

"ಆಟ ಮುಗೀಲಿ. ಇದನ್ನ ಈಸ್ಕೊಳ್ಳೋಕೆ ಬರ್ಲೇಬೇಕಲ್ಲ ಬಡ್ಡೀಮಗ. ಹಿಡ್ಕೊಂಡುಬಿಡ್ತೀನಿ."

ಎರಡನೆಯ ಅಂಕದಲ್ಲಿ ನದಿಯ ಮೇಲೆ ಮಂಜು ಕವಿದಿತ್ತು. ಯೆಫೀಮ್ ಲುಕಿಚ್‌ರ ತಲೆಯೊಳಗೂ ಅದೇ. ಆ ಘಾತುಕನನ್ನು ಹಿಡಿದುಕೊಟ್ಟರೆ ಮದುವೆ ನಡೆಯುತ್ತದೆ. ಹಿಡಿದುಕೊಟ್ಟರೆ ಮದುವೆ ಮುರಿಯುತ್ತದೆ. ಎಷ್ಟು ಯೋಚಿಸಿದರೂ ಎರಡೂ ನಿಜವಾಗುತ್ತಿದ್ದವು. ವೇದಿಕೆಯ ಮೇಲೆ ಸತ್ತ ಹುಡುಗಿ ಬಿಳಿಯ ಬಟ್ಟೆಯಲ್ಲಿ ಬಂದು, ತನಗೆ ಮೋಸ ಮಾಡಿದವನ ದೋಣಿ ಮುಳುಗದಂತೆ ಬೆಳಗಿನವರೆಗೆ ಕಾದಳು. ಪರದೆ ಬಿದ್ದು ಎದ್ದಿತು. ಜನ ಚಪ್ಪಾಳೆ ತಟ್ಟಿದರು, ರಾಶಿ ರಾಶಿ ಹೂ ಕೊಟ್ಟರು. ತಾಯಿಸ್ಯಾ ಬಗ್ಗಿ ನಮಸ್ಕರಿಸುತ್ತ ಒಂದು ಕ್ಷಣ ಅವರ ಸಾಲಿನ ಕಡೆ ನೋಡಿದಳು. ಮಾವನಾಗಬೇಕಾದವರು ಬರಿಗೈಯಲ್ಲಿ ನಿಂತಿದ್ದರು. ಅವಳ ನಗು ಸ್ವಲ್ಪ ಇಳಿಯಿತು. ಅದನ್ನು ಕಂಡು ಯೆಫೀಮ್ ಲುಕಿಚ್ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಬಡಪಾಯಿ, ಜೀವಮಾನದಲ್ಲಿ ಯಾರಿಗೂ ಕೆಟ್ಟದ್ದು ಬಯಸಿದವರಲ್ಲ.

"ಕೋಟು ಬೇಡ ಗ್ಲಾಶಾ, ಹಾಗೇ ಮನೆಗೆ ಓಡಿಬಿಡ್ತೀನಿ," ಎಂದರು.

"ಈ ಚಳೀಲಾ? ನೆಗಡಿ ಎದೆಗಿಳಿದು ಸತ್ತರೆ ಆ ಎಂಟು ಹೂ ನಿನಗೇ ಆಗುತ್ತೆ. ನಡಿ ಮೇಲೆ," ಎಂದರು ತಮ್ಮ ಕೋಟನ್ನು ಈಸಿಕೊಂಡು ಬಂದಿದ್ದ ಗ್ಲಫೀರಾ.

ಮಾತುಕತೆಗೆಂದು ಮೇಲಿನ ಹಜಾರದಲ್ಲಿ ಐವತ್ತು ಅರವತ್ತು ಜನ ಉಳಿದಿದ್ದರು. ಮೇಜಿನ ಹಿಂದೆ ಎಲಿಯನೋರಾ ವಿಕೆಂತ್ಯೆವ್ನಾ, ಪಕ್ಕದಲ್ಲಿ ಉಣ್ಣೆಯ ಶಾಲು ಹೊದ್ದು, ನೋಯುವ ಪಾದಗಳನ್ನು ಚಪ್ಪಲಿಯೊಳಗೆ ತೂರಿಸಿಕೊಂಡ ತಾಯಿಸ್ಯಾ. ಮಕಾರ್ ದೀಪದ ಗೂಡಿನಿಂದ ಇಳಿದು ಬಂದು ಗೋಡೆಗೊರಗಿ ನಿಂತಿದ್ದ. ಮೇಜಿನ ಮೇಲೆ ಎಂಟು ಬಿಳಿ ಗುಲಾಬಿ, ಕಪ್ಪು ರಿಬ್ಬನ್. ಯಾರೂ ಅದರ ಹತ್ತಿರ ಕೂತಿರಲಿಲ್ಲ.

"ನನ್ನ ಮಗಳು ಸತ್ತಾಗ ಮೊದಲು ಎದ್ದವರು ಇಲ್ಲಿದಾರಾ?" ಎಂದು ಎಲಿಯನೋರಾ ವಿಕೆಂತ್ಯೆವ್ನಾ ಕೇಳಿದರು.

"ಇವರೇ!" ಎಂದರು ಅವಳಿ ಅಜ್ಜಿಯರು ಒಟ್ಟಿಗೆ.

"ನಾನು ಸಾಕ್ಷಿ!" ಎಂದರು ಕರ್ನಲ್.

ಎಲಿಯನೋರಾ ವಿಕೆಂತ್ಯೆವ್ನಾ ಮೇಜು ಸುತ್ತಿ ಬಂದು ಯೆಫೀಮ್ ಲುಕಿಚ್‌ರ ಎರಡೂ ಕೈ ಹಿಡಿದುಕೊಂಡರು. ನೆಟ್ಟನೆಯ ಕತ್ತು ಮೊದಲನೆಯ ಸಲ ಬಾಗಿತು. "ನೀವಾ? ನನಗೆ ಹೇಳಲೇ ಇಲ್ಲವಲ್ಲ! ಯಾಕೆ ಎದ್ದಿರಿ?"

"ಸತ್ತಳಲ್ಲ," ಎಂದರು ಯೆಫೀಮ್ ಲುಕಿಚ್. "ಕೂತಿರೋದು ಹೇಗೆ?"

ಜನ ಚಪ್ಪಾಳೆ ತಟ್ಟಿದರು. ಮಕಾರ್‌ನ ಮುಖ ಅರಳಿತು. ಗೋಡೆಯಿಂದ ಬೆನ್ನು ಎತ್ತಿ ಎರಡು ಹೆಜ್ಜೆ ಮುಂದೆ ಬಂದ.

"ಇನ್ನು ಆ ಘಾತುಕ," ಎಂದರು ಬೀಗಿತ್ತಿ. "ಸಿಕ್ಕಿದನಾ?"

"ಸಿಕ್ಕಿದಾನೆ... ಅಂದ್ರೆ, ಹತ್ತಿರದಲ್ಲೇ ಇದಾನೆ. ಅಂಥಾ ಕೆಟ್ಟವನೇನಲ್ಲ. ಸ್ವಲ್ಪ ದಡ್ಡ."

"ದಡ್ಡ ಅಲ್ಲ, ಪಾಪಿ!"

ಆಗ ಅವ್ದೋತ್ಯಾ ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಕುರಿತುಪ್ಪಟದ ಕೋಟನ್ನು ಸತ್ತ ಇಲಿಯನ್ನು ಹಿಡಿದಂತೆ ದೂರ ಹಿಡಿದಿದ್ದಳು. "ಎಲ್ರೂ ಕೋಟು ತಕ್ಕೊಂಡೋದ್ರು, ಇದೊಂದೇ ಉಳಕೊಂಡದೆ. ಇಂಥಾ ಚಳೀಲಿ ಕೋಟು ಬಿಟ್ಟು ಓಡಿದಾನೆ ಅಂದ್ರೆ ಅವನ ಪಾಪ ಎಷ್ಟಿರಬೇಕು! ಪೊಲೀಸ್ನೋರಿಗೆ ಕೊಡುಮಾ, ಇಲ್ಲಾ ಸುಟ್ಟಾಕುಮಾ?"

"ಸುಡಿ!" ಎಂದಿತು ಸತ್ತಿದಾಳೆ ಪಕ್ಷ. "ಪೊಲೀಸಿಗೆ!" ಎಂದಿತು ಬದುಕಿದಾಳೆ ಪಕ್ಷ.

ಗ್ಲಫೀರಾ ಅಲ್ಲಿಯವರೆಗೆ ತಡೆದುಕೊಂಡಿದ್ದರು. ಸುಡುವ ಮಾತು ಬಂದ ಮೇಲೆ ತಡೆಯಲಿಲ್ಲ.

"ಏ ಅಜ್ಜಿ, ಕೊಡು ಇಲ್ಲಿ! ಇಪ್ಪತ್ತು ಚಳಿಗಾಲ ಕಂಡಿರೋ ಕೋಟು ಅದು! ಆ ಹಸಿರು ಗುಂಡಿ ಹೊಲಿದೋಳು ನಾನು. ಲುಕಿಚ್, ಹಾಕ್ಕೋ!"

ಯೆಫೀಮ್ ಲುಕಿಚ್ ಕೋಟು ಹಾಕಿಕೊಂಡರು. ಅಳತೆ ಸರಿಯಾಗಿ ಕೂತಿತು. ಮಕಾರ್ ಮತ್ತೆ ಗೋಡೆಗೆ ಒರಗಿದ, ಈ ಸಲ ಗೋಡೆಯೊಳಗೆ ಹೋಗುವವನಂತೆ.

"ನೀವು?" ಎಂದರು ಎಲಿಯನೋರಾ ವಿಕೆಂತ್ಯೆವ್ನಾ. "ನನ್ನ ಮಗಳಿಗೆ ಸತ್ತವರ ಹೂವಾ?"

"ತಾಯಿಸ್ಯಾಗಲ್ಲಮ್ಮ! ಆಣೆಗೂ ಅಲ್ಲ!" ಯೆಫೀಮ್ ಲುಕಿಚ್ ಎರಡೂ ಕೈ ಎತ್ತಿದರು. "ನಿಕಾಂದ್ರ್ ಹೇಳಿದಾಗ ನಾನು ಬರೀ ಲೆಕ್ಕ ಅಂದ್ಕೊಂಡು ತಂದೆ. ಆದ್ರೆ ಇಲ್ಲಿ ಕಣ್ಣಾರೆ ನೋಡಿದೆನಲ್ಲ. ಆ ದೋಣಿಯವನ ಮಗಳು ಸತ್ತು ಬಿದ್ದಿದ್ರೆ ಹತ್ತಿರ ಒಬ್ಬರೂ ಇರಲಿಲ್ಲ. ಅಪ್ಪ ಎಲ್ಲೋ, ಆ ಅಯೋಗ್ಯ ಮದುವೆಗೆ ಹೋದ. ಅವಳಿಗೆ ಹೂ ಇಡೋರು ಯಾರಿದಾರೆ? ತಾಯಿಸ್ಯಾಗಾದ್ರೆ ನೀವಿದೀರಿ, ನನ್ನ ಮಗ ಇದಾನೆ, ಇಷ್ಟು ಜನ ಇದಾರೆ. ಅವಳಿಗೆ ಯಾರಿದಾರಮ್ಮ?"

ನೇರಳೆ ಶಾಲಿನ ಹೆಂಗಸು ಗೊಳೋ ಎಂದು ಅತ್ತರು. ಕರ್ನಲ್ ಮೂಗು ಒರೆಸಿಕೊಂಡು, "ಹೌದು, ಸತ್ತಿದಾಳೆ," ಎಂದು ಪಕ್ಷ ಬದಲಾಯಿಸಿದರು.

ಎಲಿಯನೋರಾ ವಿಕೆಂತ್ಯೆವ್ನಾ ಮೇಜಿನ ಬಳಿ ಹೋಗಿ ಆ ಹೂಗಳನ್ನು ನೋಡುತ್ತ ನಿಂತರು. "ಹದಿನೆಂಟು ವರ್ಷ ನಾನೂ ಇದೇ ವೇದಿಕೆ ಮೇಲೆ ಇವಳಾಗಿ ಸತ್ತೆ," ಎಂದರು. "ಬಿದ್ದ ತಕ್ಷಣ ಜನ ಭೇಷ್ ಅಂತ ಕೂಗೋರು. ಗಾಡಿಗಟ್ಟಲೆ ಹೂ ಬರೋದು. ನನ್ನ ಪಾದಕ್ಕೆ, ನನ್ನ ಸೊಂಟಕ್ಕೆ, ನನ್ನ ಹೆಸರಿಗೆ. ಎಲ್ಲಾ ಬೆಸ. ಅವಳು ಸತ್ತಳು ಅಂತ ಒಬ್ಬರೂ ನಂಬಲಿಲ್ಲ. ಅವಳಿಗೆ ಅಂತ ಒಂದೇ ಒಂದು ಹೂ ಬರಲಿಲ್ಲ."

ಅವರು ಗುಲಾಬಿಗಳನ್ನು ಎತ್ತಿಕೊಂಡು ಮಗಳ ಮಡಿಲಲ್ಲಿಟ್ಟರು. ತಾಯಿಸ್ಯಾ ಅವನ್ನು ಎದೆಗೊತ್ತಿಕೊಂಡಳು. ಆಮೇಲೆ ಎಲಿಯನೋರಾ ವಿಕೆಂತ್ಯೆವ್ನಾ ಕುರಿತುಪ್ಪಟದ ಕೋಟಿನ ಕಡೆ ತಿರುಗಿದರು. ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಕತ್ತು ಮತ್ತೆ ನೆಟ್ಟಗಾಗಿತ್ತು.

"ಹಿಡಿದುಕೊಟ್ಟರೆ ನನ್ನ ಅಡ್ಡಿ ಇಲ್ಲ ಅಂದಿದ್ದೆ. ಹಿಡಿದುಕೊಟ್ಟಿರಿ. ನಾಳೆ ಊಟಕ್ಕೆ ನಮ್ಮನೆಗೆ ಬನ್ನಿ, ಬೀಗರೇ. ಹೂ ತರಬೇಡಿ."

ಮಕಾರ್ ಗೋಡೆ ಬಿಟ್ಟು ಓಡಿಬಂದು ತಾಯಿಸ್ಯಾಳನ್ನು ಹೂವಿನ ಸಮೇತ ಎತ್ತಿಕೊಂಡ. ಅಜ್ಜಿಯರು ಚಪ್ಪಾಳೆ ತಟ್ಟಿದರು. ಯೆಫೀಮ್ ಲುಕಿಚ್ ಗದ್ದಲದ ನಡುವೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೆಂಡತಿಯ ಕಿವಿಗೆ ಬಗ್ಗಿದರು.

"ಗ್ಲಾಶಾ, ಈಗೇನಾಯ್ತು? ನನ್ನ ಹೊರಗೆ ಹಾಕಿದ್ರಾ, ಒಳಗೆ ಸೇರಿಸ್ಕೊಂಡ್ರಾ?"

"ಬಾಯಿ ಮುಚ್ಕೊಂಡು ಅಳು," ಎಂದರು ಗ್ಲಫೀರಾ. "ಬೀಗಿತ್ತಿ ಅಳ್ತಾ ಇದಾರೆ."

ಯೆಫೀಮ್ ಲುಕಿಚ್ ಹೃತ್ಪೂರ್ವಕವಾಗಿ ಅತ್ತರು. ಸತ್ತವಳಿಗೋ ಬದುಕಿದವಳಿಗೋ ಎಂಬುದು ಮಾತ್ರ ಅವರಿಗೆ ಬಗೆಹರಿಯಲಿಲ್ಲ.